ರಾಹೇಲವ್ವನ ಗಾಂಧಾರ

ನಾನೊಂದು ಪೇಟಿ. ಕೆಲವರು ಹಾರ್ಮೋನಿಯಂ ಅನ್ನುತ್ತಾರೆ, ಅನ್ನಲಿ ಬಿಡಿ. ನಮ್ಮ ಗದಗ ಕಡೆ ನಾನು ಪೇಟಿ. ಮೈಯೆಲ್ಲ ಸಾಗವಾನಿ ಕಟ್ಟಿಗೆ, ಬೆನ್ನಿಗೊಂದು ತಿದಿ, ಬಾಯಿ ತುಂಬ ಕರಿ ಬಿಳಿ ಹಲ್ಲು, ಹೊಟ್ಟೆಯೊಳಗೆ ಹಿತ್ತಾಳೆಯ ನಾಲಿಗೆಗಳ ಸಾಲು. ಒಂದೊಂದು ಹಲ್ಲಿಗೂ ಒಂದೊಂದು ನಾಲಿಗೆ. ಇಷ್ಟೊಂದು ನಾಲಿಗೆ ಇಟ್ಟುಕೊಂಡೂ ನಾನು ಮೂವತ್ತೆಂಟು ವರ್ಷ ಒಂದು ಮಾತು ಬಚ್ಚಿಟ್ಟೆ. ಈಗ ಹೇಳುತ್ತೇನೆ. ಬೈಯಬೇಕು ಅನ್ನಿಸಿದರೆ ಕಡೆಗೆ ಬೈಯಿರಿ, ಮೊದಲು ಪೂರ್ತಿ ಕೇಳಿ.

ನಾನು ಹುಟ್ಟಿದ್ದು ಮಿರಜದ ಒಂದು ಓಣಿಯಲ್ಲಿ. ನನ್ನನ್ನು ಮಾಡಿದವನು ಬಾಬಾಲಾಲ ಮಿಸ್ತ್ರಿ. ಕೈ ಬಂಗಾರದಂಥದ್ದು, ಅದರಲ್ಲಿ ಎರಡು ಮಾತಿಲ್ಲ. ಪೆಟ್ಟಿಗೆ ಜೋಡಿಸಿ, ತಿದಿ ಕಟ್ಟಿ, ಕೊನೆಗೆ ನಾಲಿಗೆಗಳಿಗೆ ಸ್ವರ ಕೂಡಿಸಲು ಕುಳಿತ. ಆ ಕೆಲಸಕ್ಕೆ ಸಣ್ಣದೊಂದು ಅರ ಸಾಕು. ನಾಲಿಗೆಯ ತುದಿ ಕೆರೆದರೆ ಸ್ವರ ಏರುತ್ತದೆ, ಬುಡ ಕೆರೆದರೆ ಇಳಿಯುತ್ತದೆ. ನಡು ಸಪ್ತಕದ ಮೂರನೇ ಬಿಳಿ ಹಲ್ಲಿಗೆ, ಅಂದರೆ ಗಾಂಧಾರಕ್ಕೆ, ಬರುವ ಹೊತ್ತಿಗೆ ಓಣಿಯಲ್ಲಿ ಮದುವೆಯ ಬ್ಯಾಂಡು ಬಂತು. ಕ್ಲಾರಿಯೊನೆಟ್ಟು, ಡೋಲು, ಕುದುರೆಯ ಮೇಲೆ ಮದುಮಗ. ಮಿಸ್ತ್ರಿಯ ಕಣ್ಣು ಕಿವಿ ಎರಡೂ ಅದರ ಹಿಂದೆ ಹೋದವು, ಕೈ ಮಾತ್ರ ಕೆಲಸ ಮಾಡುತ್ತಲೇ ಇತ್ತು. ಬುಡದಲ್ಲಿ ಎರಡು ಸಲ ಜಾಸ್ತಿ ಕೆರೆದುಬಿಟ್ಟ. ಬ್ಯಾಂಡು ದಾಟಿದ ಮೇಲೆ ಒತ್ತಿ ಕೇಳಿದ, ತಲೆ ಅತ್ತಿತ್ತ ಆಡಿಸಿದ, 'ಇರಲಿ, ನಡೀತದ' ಅಂದ. ಹಾಗೆ ನನ್ನ ಗಾಂಧಾರ ತುಸು ಇಳಿದೇ ಉಳಿಯಿತು. ಎಷ್ಟು ಅಂದರೆ, ಸಾರಿಗೆ ಒಂದು ಚಿಟಿಕೆ ಉಪ್ಪು ಕಮ್ಮಿಯಾದಷ್ಟು. ಹೊಸಬರಿಗೆ ಗೊತ್ತಾಗುತ್ತದೆ, ದಿನಾ ಉಣ್ಣುವವರಿಗೆ ಗೊತ್ತಾಗುವುದಿಲ್ಲ.

ನನ್ನನ್ನು ಕೊಂಡವರು ಗದಗದ ಕಡೆಯ ಒಂದು ಕ್ರೈಸ್ತ ಸಭೆಯವರು. ಆ ಊರಿಗೆ ಬಂದ ಮೊದಲ ಪೇಟಿ ನಾನು. ಏನು ಮರ್ಯಾದೆ ಅಂತೀರಿ! ಕಸೂತಿ ಹಾಕಿದ ಹೊದಿಕೆ, ಪಾದ್ರಿಗಳು ನಿಂತು ಬೋಧಿಸುವ ಪುಲ್ಪಿಟ್ಟಿನ ಪಕ್ಕದಲ್ಲೇ ಜಾಗ. ಮಿಷನ್ ಶಾಲೆಯ ಮೇಷ್ಟ್ರಾಗಿ ಆಗಷ್ಟೇ ಸೇರಿದ್ದ ದೇವಪುತ್ರಪ್ಪ ಹಾದಿಮನಿ ಅನ್ನುವ ತರುಣ ನನ್ನ ಮುಂದೆ ಕುಳಿತು, ನನ್ನಿಂದಲೇ ಸಂಗೀತ ಕಲಿತ. ಬೇರೆ ಗುರು ಇಲ್ಲ. ನಾನು ಹೇಳಿದ್ದೇ ಸಾ, ನಾನು ಹೇಳಿದ್ದೇ ಗಾ. ಅವನಿಂದ ಇಡೀ ಸಭೆ ಕಲಿಯಿತು. ವರ್ಷ ಕಳೆಯುವುದರೊಳಗೆ ನೂರೈವತ್ತು ಜನ ಗಾಂಧಾರ ಬಂದಾಗಲೆಲ್ಲ ತುಸು ತಗ್ಗಿಸಿಯೇ ಹಾಡತೊಡಗಿದರು. ಪರ ಊರಿಂದ ಬಂದವರು ಮುಖ ಹಿಂಡುತ್ತಿದ್ದರು, ಆದರೆ ಬಾಯಿಬಿಟ್ಟು ಏನೂ ಅನ್ನುತ್ತಿರಲಿಲ್ಲ. ಈ ಸಭೆಯವರು ಹಾಡುವ ರೀತಿಯೇ ಹೀಗಿರಬೇಕು ಅಂದುಕೊಂಡು ಊಟ ಮುಗಿಸಿ ಹೋಗುತ್ತಿದ್ದರು.

ತರುಣ ದೇವಪುತ್ರಪ್ಪ ಊರವರ ಬಾಯಲ್ಲಿ ಮಾಸ್ತರಾದರು. ಮದುವೆಯೂ ಆಯಿತು. ಹೆಂಡತಿ ರಾಹೇಲವ್ವ ಹಾವೇರಿ ಕಡೆಯವರು. ಮದುವೆಯಾದ ಮುಂದಿನ ಭಾನುವಾರ ಹೆಂಗಸರ ಸಾಲಿನಲ್ಲಿ ನಿಂತು, ಎದೆ ತುಂಬ ಉಸಿರು ತೆಗೆದುಕೊಂಡು ಹಾಡಿದರು. ಅಬ್ಬಾ, ಆ ದನಿ! ನನ್ನ ಕಟ್ಟಿಗೆಯೆಲ್ಲ ಜುಮ್ಮೆಂದಿತು. ಗಾಂಧಾರ ಬಂತು. ಅವರು ಸರಿಯಾದ ಜಾಗದಲ್ಲಿ ನಿಂತರು. ನಾನು ನನ್ನ ಹಾಳು ಜಾಗದಲ್ಲಿ ನಿಂತೆ. ಸಭೆಯೂ ನನ್ನ ಜೊತೆಗೇ ನಿಂತಿತು.

ಮಾಸ್ತರು ತಿದಿ ನಿಲ್ಲಿಸಿದರು. "ರಾಹೇಲಾ, ಬೇಸೂರ ಆಗಾಕತ್ತೈತಿ. ಪೇಟಿ ಹೆಂಗ ಹೇಳ್ತೈತಿ ಹಂಗ ಹೇಳು."

ರಾಹೇಲವ್ವ ಕಿವಿ ಕೊಟ್ಟು ಕೇಳಿ ಮತ್ತೆ ಹಾಡಿದರು. ಮತ್ತೆ ಅದೇ. ಯಾರೋ ಕಿಸಕ್ಕನೆ ನಕ್ಕರು. ಮಾಸ್ತರಿಗೆ ಮುಖ ಇಟ್ಟುಕೊಳ್ಳಲು ಜಾಗವಿಲ್ಲದ ಹಾಗಾಯಿತು. "ಇರಲಿ ಬಿಡು. ನೀ ಮನಸಿನ್ಯಾಗ ಹಾಡು, ದೇವರಿಗೆ ಕೇಳಸ್ತೈತಿ" ಅಂದರು. ಸಿಟ್ಟಿನಿಂದಲ್ಲ, ಒಳ್ಳೆಯ ಮಾತಿನಲ್ಲೇ ಅಂದರು. ಅಷ್ಟು ಸಾಕಾಯಿತು. ಅವತ್ತಿನಿಂದ ರಾಹೇಲವ್ವ ಚರ್ಚಿನಲ್ಲಿ ಬರೀ ತುಟಿ ಆಡಿಸುತ್ತಿದ್ದರು. ಮನೆಯಲ್ಲೂ ಗುನುಗಲಿಲ್ಲ. ತನ್ನ ಕಿವಿಯೇ ಶುದ್ಧವಿಲ್ಲ ಅಂತ ಅವರೂ ನಂಬಿದರು. ನನಗೆ ನಿಜ ಗೊತ್ತಿತ್ತು. ಆದರೆ ನನ್ನದು ಒತ್ತಿದರೆ ಮಾತ್ರ ಮಾತಾಡುವ ಬಾಯಿ, ಅದೂ ಒತ್ತಿದ್ದನ್ನೇ ಹೇಳುವ ಬಾಯಿ. ಏನು ಮಾಡಲಿ?

ವರ್ಷಗಳು ಹೋದವು. ಪ್ರಫುಲ್ಲಾ ಅಂತ ಒಬ್ಬಳು ಮಗಳು ಹುಟ್ಟಿದಳು, ಓದಿದಳು, ಹುಬ್ಬಳ್ಳಿಯಲ್ಲಿ ನರ್ಸಾದಳು. ಸಭೆಗೆ ಕರೆಂಟಿನ ಕೀಬೋರ್ಡು ಬಂತು, ಮಾಸ್ತರು ಅದನ್ನು ಮುಟ್ಟಲಿಲ್ಲ. ಮಾಸ್ತರು ನಿವೃತ್ತರಾದ ದಿನ ಒಂದು ಶಾಲು, ಒಂದು ಹಾರ, ಜೊತೆಗೆ ನನ್ನನ್ನೂ ಕೊಟ್ಟು ಕಳಿಸಿದರು. ಆಟೋದಲ್ಲಿ ಮಾಸ್ತರ ತೊಡೆಯ ಮೇಲೆ ಕುಳಿತು ಮನೆಗೆ ಹೋದೆ. ರಾಹೇಲವ್ವ ನನ್ನ ಮೈ ಒರೆಸಿ ಕಪಾಟಿನ ಮೇಲೆ ಇಟ್ಟರು. ಅವರ ಕೈ ನನ್ನ ಹಲ್ಲಿಗೆ ಎಂದೂ ತಾಗುತ್ತಿರಲಿಲ್ಲ, ಹೊದಿಕೆಯ ಮೇಲಷ್ಟೇ ಆಡುತ್ತಿತ್ತು.

ಆಮೇಲೆ ಮಿಷನ್ ಮಂಡಳಿಯಿಂದ ಒಂದು ಕಾಗದ ಬಂತು. ಆಫ್ರಿಕಾದ ಬೋಟ್ಸ್ವಾನಾ ದೇಶದ ಒಂದು ಹಳ್ಳಿಯ ಸಭೆಯಲ್ಲಿ ಎರಡು ವರ್ಷ ಸೇವೆ ಮಾಡಲು ಹಿರಿಯ ದಂಪತಿ ಬೇಕಾಗಿದ್ದಾರೆ, ಗಂಡ ಸಂಗೀತ ಕಲಿಸುವವರಾದರೆ ಉತ್ತಮ, ಹೆಂಡತಿ ಮನೆವಾರ್ತೆ ನೋಡಿಕೊಂಡರೆ ಸಾಕು ಅಂತ. ಮಾಸ್ತರು ಅದನ್ನು ಮೂರು ಸಲ ಓದಿದರು.

"ನೋಡಿದೇನ? ನಮ್ಮ ಪೇಟಿ ಆಫ್ರಿಕಾಕ್ಕ ಹೊಂಟೈತಿ!"

"ಪೇಟಿ ಹೊಂಟೈತಿ ಖರೆ," ಅಂದರು ರಾಹೇಲವ್ವ. "ನಾವೂ ಹೋಗೂದೈತೋ, ಅದೊಂದ ಹೋಗ್ತೈತೋ?"

ಎರಡು ಕಂಬಳಿ, ನಾಲ್ಕು ಸೀರೆ ಸುತ್ತಿ ನನ್ನನ್ನು ವಿಮಾನ ಹತ್ತಿಸಿದರು. ದಾರಿಯಲ್ಲಿ ಒಂದು ಕಡೆ ಅಧಿಕಾರಿಗಳು ಬಿಚ್ಚಿಸಿ, ಇದೇನು ಯಂತ್ರ ಅಂತ ಕೇಳಿದರು. ಮಾಸ್ತರು ಅಲ್ಲೇ ನೆಲದ ಮೇಲೆ ಕುಳಿತು ಒಂದು ಸ್ತುತಿಗೀತೆ ಬಾರಿಸಿಯೇ ಬಿಟ್ಟರು. ಹಿಂದೆ ಸಾಲಿನಲ್ಲಿ ನಿಂತವರು ಚಪ್ಪಾಳೆ ತಟ್ಟಿದರು. ಮಾಸ್ತರಿಗಿಂತ ನನಗೇ ಹೆಚ್ಚು ಕೊಬ್ಬು ಏರಿತು ಅಂತ ಒಪ್ಪಿಕೊಳ್ಳುತ್ತೇನೆ.

ಆ ಹಳ್ಳಿಯ ಹೆಸರು ನನ್ನ ಯಾವ ನಾಲಿಗೆಗೂ ಹೊರಳುವುದಿಲ್ಲ, ಬಿಡಿ. ತಗಡಿನ ಮಾಡಿನ ಎರಡು ಕೋಣೆಯ ಮನೆ ಕೊಟ್ಟರು. ಮುಂದೆ ಮಣ್ಣಿನ ಅಂಗಳ, ಅಂಗಳದ ಆಚೆ ಮುಳ್ಳಿನ ಗಿಡಗಳು, ಆಡುಗಳು, ಕತ್ತೆ ಗಾಡಿಗಳು. ಬೇರೆ ದೇಶ ಅಂತ ರಾಹೇಲವ್ವ ಮೊದಲೆರಡು ದಿನ ಬೆದರಿಕೊಂಡೇ ಇದ್ದರು. ಮೂರನೇ ದಿನ ಪಕ್ಕದ ಮನೆಯವರು ಒಂದು ಬುಟ್ಟಿ ಕಾಳು ತಂದು ಕೊಟ್ಟರು. ರಾಹೇಲವ್ವ ಮುಷ್ಟಿ ತುಂಬ ತೆಗೆದು ಮೂಸಿ ನೋಡಿದವರೇ ಕೂಗಿದರು: "ರೀ! ಜ್ವಾಳ ರೀ! ಇಲ್ಲೂ ಜ್ವಾಳ ಬೆಳೀತಾರ!" ಅವತ್ತು ಮಧ್ಯಾಹ್ನ ಅಂಗಳದ ಕಟ್ಟಿಗೆ ಒಲೆಯ ಮುಂದೆ ಕುಳಿತು ಪಟಪಟ ರೊಟ್ಟಿ ಬಡಿದರು. ಅಲ್ಲಿಯ ಹೆಂಗಸರು ಅದೇ ಜೋಳದಲ್ಲಿ ಗಂಜಿ ಕಾಸುವವರು. ರೊಟ್ಟಿ ಕೈಯಲ್ಲೇ ಅಗಲವಾಗುವುದನ್ನು ನೋಡಿ ಬಾಯಿ ಮೇಲೆ ಕೈ ಇಟ್ಟುಕೊಂಡರು. ಆಮೇಲೆ ಒಬ್ಬೊಬ್ಬರೇ ಬಂದು ತಾವೂ ಬಡಿಯತೊಡಗಿದರು. ಹರಿದುಹೋದದ್ದನ್ನು ಮಾಸ್ತರು ತಿಂದರು.

ಅಲ್ಲಿ ತಾಯಿ ತಂದೆಯರನ್ನು ಮೊದಲ ಮಗುವಿನ ಹೆಸರು ಸೇರಿಸಿ ಕರೆಯುತ್ತಾರೆ. ನಮ್ಮೂರಲ್ಲಿ ಬರೀ 'ಮಾಸ್ತರ ಹೇಣ್ತಿ' ಆಗಿದ್ದ ರಾಹೇಲವ್ವ ಅಲ್ಲಿ ಮ್ಮಾ-ಪ್ರಫುಲ್ಲಾ ಆದರು. ಮಾಸ್ತರು ರ್ರಾ-ಪ್ರಫುಲ್ಲಾ. ಬೆಳಗ್ಗೆ ಎದ್ದು ಇಬ್ಬರೂ ಅಂಗಳ ಗುಡಿಸುತ್ತಿದ್ದರು, ಚಹಾ ಕುಡಿಯುತ್ತಿದ್ದರು, ಹುಷಾರಿಲ್ಲದವರ ಮನೆಗೆ ಹೋಗಿ ಕೂರುತ್ತಿದ್ದರು. ಸಾವಿನ ಮನೆಗೆ ರಾಹೇಲವ್ವ ಹೋದರೆ ಅಲ್ಲಿಯ ಹೆಂಗಸರು ಚಾಪೆಯ ಮೇಲೆ ಜರುಗಿ ಜಾಗ ಕೊಡುತ್ತಿದ್ದರು. ಭಾಷೆ ಬಾರದಿದ್ದರೂ ಸುಮ್ಮನೆ ಪಕ್ಕದಲ್ಲಿ ಕೂರುವುದು ಅವರಿಗೆ ಬರುತ್ತಿತ್ತು. ಅಷ್ಟೇ ಸಾಕಾಗಿತ್ತು ಅಲ್ಲಿಯವರಿಗೆ.

ಸಾಲದೆ ಹೋದದ್ದು ಮಾಸ್ತರಿಗೆ. ಮೊದಲ ಭಾನುವಾರ ಮದುವೆಯ ಕರಿ ಕೋಟು ಹಾಕಿಕೊಂಡು, ನನ್ನನ್ನು ಮುಂದಿಟ್ಟುಕೊಂಡು ಕುಳಿತರು. ಒಂದು ಸಾಲು ಬಾರಿಸುತ್ತೇನೆ, ನೀವು ಹಿಂದಿನಿಂದ ಹೇಳಿ ಅಂದರು. ಬಾರಿಸಿದರು. ಎಲ್ಲರೂ ವಿನಯದಿಂದ ಕೇಳಿದರು. ಆಮೇಲೆ ಹಿಂದಿನ ಸಾಲಿನಿಂದ ಮ್ಮಾ-ಬೊನೊಲೊ ಅನ್ನುವ ಎಪ್ಪತ್ತರ ಮುದುಕಿ, ಆ ಸಭೆಯ ಹಾಡಿನ ಯಜಮಾನಿ, ಹೆಗಲ ಮೇಲಿನ ಕಂಬಳಿ ಸರಿಮಾಡಿಕೊಂಡು ಎದ್ದು ನಿಂತು ಒಂದೇ ಒಂದು ಸ್ವರ ತೆಗೆದಳು. ಅಷ್ಟೇ ನೋಡಿ. ಹೆಂಗಸರು ಮೇಲೆ ಎರಡು ಬಗೆ, ಗಂಡಸರು ಕೆಳಗೆ ಎರಡು ಬಗೆ, ನಾಲ್ಕು ದಾರಿಯಲ್ಲಿ ಒಂದೇ ಹಾಡು ಹೊರಟಿತು. ತಗಡಿನ ಮಾಡು ಗುಂಯ್ ಅಂದಿತು. ಪುಸ್ತಕವಿಲ್ಲ, ವಾದ್ಯವಿಲ್ಲ, ಯಾರೂ ಯಾರಿಗೂ ಕಲಿಸಿದ ಹಾಗೆ ಕಾಣಲಿಲ್ಲ. ಮಾಸ್ತರ ಕೈ ನನ್ನ ಹಲ್ಲಿನ ಮೇಲೆ ಹಾಗೇ ನಿಂತಿತು. ನನಗಂತೂ ನೆಲ ಬಿರಿದು ಒಳಗೆ ಹೋಗಬಾರದೇ ಅನ್ನಿಸಿತು.

ಆರಾಧನೆ ಮುಗಿದ ಮೇಲೆ ಅವರೆಲ್ಲ ಬಂದು ಮಾಸ್ತರ ಕೈ ಹಿಡಿದು ಉಪಕಾರ ಹೇಳಿದರು, ಒಂದು ಕೋಳಿಯನ್ನೂ ಕೊಟ್ಟರು. ಕಲಿಸದ ಪಾಠಕ್ಕೆ ಸಿಕ್ಕ ಕೋಳಿ ಅದು. ಮಾಸ್ತರಿಗೆ ಅದನ್ನು ನೋಡಿದರೇ ಉರಿಯುತ್ತಿತ್ತು. ರಾಹೇಲವ್ವ ಅದಕ್ಕೆ ನುಚ್ಚು ಹಾಕಿ ಸಾಕಿಕೊಂಡರು.

ಮೂರು ತಿಂಗಳಾದರೂ ಸಂಗೀತದ ಪಾಠಕ್ಕೆ ಒಬ್ಬರಿಗೂ ಅಗತ್ಯ ಬೀಳಲಿಲ್ಲ. ಮಾಸ್ತರು ಕರೆದಾಗ ಬರುತ್ತಿದ್ದರು, ಕೂರುತ್ತಿದ್ದರು, ಕೇಳುತ್ತಿದ್ದರು, ಮನೆಗೆ ಹೋಗಿ ತಮ್ಮ ಹಾಗೆಯೇ ಹಾಡುತ್ತಿದ್ದರು. ಮಾಸ್ತರು ಕೊನೆಗೆ ಮುಖ ಗಂಟಿಕ್ಕಿಕೊಂಡು ಒಂದು ಕಾಗದ ಬರೆದು, ಮಡಚಿ, ನನ್ನ ತಲೆಯ ಮೇಲೆ ಇಟ್ಟರು.

"ಮಂಡಳಿಗೆ ಬರದೇನಿ. ಆರೋಗ್ಯ ಸರಿ ಇಲ್ಲ, ವಾಪಸ್ ಕರಕೋರಿ ಅಂತ. ತಿಂಗಳ ಕೊನಿಗೆ ಪಾದ್ರಿಗಳು ಪ್ಯಾಟಿಗೆ ಹೋಗ್ತಾರ, ಅವರ ಕೈಯಾಗ ಕೊಡೂದು."

"ಯಾರ ಆರೋಗ್ಯ?"

"ನಂದು."

"ನಿಮಗೇನ ಧಾಡಿ ಆಗೇತಿ? ನಿನ್ನಿ ಎಂಟ ರೊಟ್ಟಿ ತಿಂದೀರಿ!" ಅಂದರು ರಾಹೇಲವ್ವ. ಆಮೇಲೆ ದನಿ ತಗ್ಗಿಸಿ, "ನನಗ ಇಲ್ಲಿ ಚಲೋ ಅನಸೇತಿ ರೀ" ಅಂದರು. ಕಾಗದ ನನ್ನ ತಲೆಯ ಮೇಲೇ ಉಳಿಯಿತು.

ಅದೇ ವಾರ ಮಳೆ ಬಂದು ನನ್ನ ತಿದಿಗೆ ತಂಪು ಹಿಡಿಯಿತು ಅಂತ ಮಾಸ್ತರು ನನ್ನನ್ನು ಬಿಸಿಲಿಗೆ ಕಟ್ಟೆಯ ಮೇಲಿಟ್ಟು, ಪಾದ್ರಿಗಳ ಜೊತೆ ಹೊರಗೆ ಹೋಗಿದ್ದರು. ಅಂಗಳದ ಮರದ ಕೆಳಗೆ ಮ್ಮಾ-ಬೊನೊಲೊ ಮತ್ತು ಐದಾರು ಹೆಂಗಸರು ರಾಹೇಲವ್ವನ ಜೊತೆ ಕುಳಿತು ಸಭೆಯ ಊಟಕ್ಕೆ ಜೋಳ ಹಸನು ಮಾಡುತ್ತಿದ್ದರು. ಅವರ ಕೈ ಆಡಿದರೆ ಬಾಯಿಯೂ ಹಾಡುತ್ತಿತ್ತು. ರಾಹೇಲವ್ವ ಮಾತ್ರ ಸುಮ್ಮನೆ ಮೊರದಲ್ಲಿ ಕೇರುತ್ತಿದ್ದರು. ಮ್ಮಾ-ಬೊನೊಲೊ ತನಗೆ ಬರುವ ಅರೆಬರೆ ಇಂಗ್ಲಿಷಿನಲ್ಲಿ ಕೇಳಿದಳು, ನೀನ್ಯಾಕೆ ಹಾಡುವುದಿಲ್ಲ ಅಂತ.

ನನಗೆ ಹಾಡಲು ಬರುವುದಿಲ್ಲ ಅಂದರು ರಾಹೇಲವ್ವ, ಅವರೂ ಅಂಥದೇ ಇಂಗ್ಲಿಷಿನಲ್ಲಿ.

"ಬರುವುದಿಲ್ಲ ಅಂತ ಯಾರು ಹೇಳಿದರು?"

"ನಮ್ಮ ಮನೆಯವರು."

"ಅವರಿಗೆ ಯಾರು ಹೇಳಿದರು?"

ರಾಹೇಲವ್ವ ಕಟ್ಟೆಯ ಮೇಲಿದ್ದ ನನ್ನ ಕಡೆ ಕೈ ತೋರಿಸಿದರು. "ಆ ಪೇಟಿ."

ಎಲ್ಲ ಹೆಂಗಸರೂ ತಿರುಗಿ ನನ್ನನ್ನು ನೋಡಿದರು. ಅಯ್ಯೋ ದೇವರೇ, ನಾಚಿಕೆಯಿಂದ ಸತ್ತೇ ಹೋದೆ. ಮ್ಮಾ-ಬೊನೊಲೊ ನಗಲಿಲ್ಲ. ಮೊರ ಕೆಳಗಿಟ್ಟು, ಹಾಡಲು ಬಾರದ ಮನುಷ್ಯರನ್ನು ತಾನು ನೋಡಿಯೇ ಇಲ್ಲ, ಒಂದು ಹಾಡು ಹೇಳು, ನಿನ್ನ ತವರುಮನೆಯದು ಅಂದಳು. ರಾಹೇಲವ್ವ ಬೇಡ ಅಂದರು. ಅವಳು ಬಿಡಲಿಲ್ಲ. ಕಡೆಗೆ ರಾಹೇಲವ್ವ ಸೆರಗನ್ನು ಬಾಯಿಗೆ ಅಡ್ಡ ಹಿಡಿದು, ತಮ್ಮ ಅಪ್ಪ ಬೆಳಗಿನ ಪ್ರಾರ್ಥನೆಗೆ ಹೇಳುತ್ತಿದ್ದ ಒಂದು ಹಾಡು ತೆಗೆದರು. ಮೊದಲ ಸಾಲು ನಡುಗಿತು. ಎರಡನೇ ಸಾಲಿಗೆ ಸೆರಗು ಕೆಳಗಿಳಿಯಿತು. ಗಾಂಧಾರ ಬಂತು, ಎಲ್ಲಿ ನಿಲ್ಲಬೇಕೋ ಅಲ್ಲೇ ನಿಂತಿತು. ಅಷ್ಟರಲ್ಲಿ ಆ ಹೆಂಗಸರು ಒಬ್ಬೊಬ್ಬರೇ ಅವರ ದನಿಯ ಮೇಲೆ ಕೆಳಗೆ ತಮ್ಮ ದನಿ ಸೇರಿಸಿದ್ದರು. ಮುಗಿದ ಕೂಡಲೇ ನಾಲಿಗೆ ಹೊರಳಿಸಿ ಸಂತೋಷದ ಕೂಗು ಹಾಕಿದರು. ರಾಹೇಲವ್ವ ಗಾಬರಿಯಾಗಿ ಅಳತೊಡಗಿದರು. ಆಮೇಲೆ ನಕ್ಕರು. ಆಮೇಲೆ ಮತ್ತೆ ಅತ್ತರು.

ಶನಿವಾರ ಚರ್ಚಿನ ಹಾಡಿನ ತಾಲೀಮಿಗೆ ಬರಬೇಕು ಅಂತ ಮ್ಮಾ-ಬೊನೊಲೊ ಅಪ್ಪಣೆ ಮಾಡಿ ಹೋದಳು. ಮಾಸ್ತರು ಬಂದು ಕೇಳಿ ಹುಬ್ಬು ಗಂಟು ಹಾಕಿದರು. "ಅವರು ಅಷ್ಟ ಚಂದ ಹಾಡತಾರ. ನೀ ಯಾಕ ಹೋಗಿ ಕೆಡಸ್ತಿ?"

ರಾಹೇಲವ್ವ ಸೆರಗು ಸಿಕ್ಕಿಸಿಕೊಂಡು ಅಂದರು, "ಕರದಾರ. ನಾ ಹೋಗಾಕಿ."

ಹೆಂಡತಿಯ ಮರ್ಯಾದೆ ಹೋಗಬಾರದು, ಪೇಟಿಯ ಆಸರೆ ಇದ್ದರೆ ಸ್ವರ ಹಿಡಿದಾಳು ಅಂತ ಮಾಸ್ತರು ನನ್ನನ್ನು ಹೊತ್ತುಕೊಂಡು ಹಿಂದೆಯೇ ಬಂದರು. ಮನಸ್ಸು ಒಳ್ಳೆಯದೇ, ಬುದ್ಧಿ ಮಾತ್ರ ಹಾಗೆ. ಹೆಂಗಸರ ನಡುವೆ ರಾಹೇಲವ್ವ ಹಾಡಿದರು, ಮಾಸ್ತರು ಬಾರಿಸಿದರು. ಗಾಂಧಾರ ಬಂದದ್ದೇ ತಡ, ಅಷ್ಟೂ ಮಂದಿಯ ಮುಖ ಹುಣಸೆಹಣ್ಣು ತಿಂದ ಹಾಗಾಯಿತು. ಮಾಸ್ತರು ಹೆಂಡತಿಯ ಕಡೆ ನೋಡಿದರು, ಹೇಳಿದೆನಲ್ಲ ಅನ್ನುವ ಹಾಗೆ. ಮ್ಮಾ-ಬೊನೊಲೊ ಸೀದಾ ನನ್ನ ಹತ್ತಿರ ಬಂದಳು. ಒಂದು ಕೈಯಲ್ಲಿ ತಿದಿ ಆಡಿಸುತ್ತ, ಒಂದೊಂದೇ ಹಲ್ಲು ಒತ್ತುತ್ತ ಬಂದು ಆ ಮೂರನೆಯದರ ಮೇಲೆ ಬೆರಳಿಟ್ಟು ನಿಂತಳು.

"ರ್ರಾ, ಈ ಹಲ್ಲು ಹುಳುಕಾಗಿದೆ."

"ಈ ಪೇಟಿಯನ್ನು ನಾನು ನಲವತ್ತು ವರ್ಷದಿಂದ ಬಾರಿಸುತ್ತಿದ್ದೇನೆ," ಅಂದರು ಮಾಸ್ತರು, ಮೂಗಿನ ತುದಿ ಕೆಂಪಾಗಿ.

ಅವಳು ವಾದ ಮಾಡಲಿಲ್ಲ. ತಿದಿ ಒತ್ತು ಅಂತ ಸನ್ನೆ ಮಾಡಿ, ಆ ಗಾಂಧಾರವನ್ನೂ ಮೇಲಿನ ಸಪ್ತಕದ ಗಾಂಧಾರವನ್ನೂ ಎರಡು ಕೈಯಲ್ಲಿ ಒಟ್ಟಿಗೆ ಒತ್ತಿದಳು. ಮಾಸ್ತರು ಜನ್ಮದಲ್ಲೇ ಹಾಗೆ ಒತ್ತಿದವರಲ್ಲ. ಒಂದು ಕೈ ತಿದಿಗೆ, ಒಂದು ಕೈ ಹಾಡಿಗೆ, ಎರಡು ಸಪ್ತಕ ಕೂಡಿಸಿ ಒತ್ತುವ ಪ್ರಸಂಗವೇ ಬಂದಿರಲಿಲ್ಲ. ಒಂದೇ ಆಗಿ ಕೇಳಬೇಕಾದ ಎರಡು ಸ್ವರಗಳು ವಂವ್ ವಂವ್ ಅಂತ ಒಂದನ್ನೊಂದು ಕಚ್ಚಾಡತೊಡಗಿದವು. ಮಾಸ್ತರು ತಿದಿ ಬಿಟ್ಟರು.

ಮನೆಗೆ ಬಂದವರೇ ಕದ ಮುಚ್ಚಿಕೊಂಡು ನನ್ನ ಹೊಟ್ಟೆ ಬಿಚ್ಚಿದರು. ಧೂಳು ಕೂತಿದೆಯೇನೋ ಅಂತ ಆ ನಾಲಿಗೆಯನ್ನು ಒರೆಸಿ ಊದಿ ನೋಡಿದರು. ಮತ್ತೂ ತಗ್ಗೇ. ಬೆಳಕಿಗೆ ಹಿಡಿದಾಗ ಬುಡದಲ್ಲಿ ಬಾಬಾಲಾಲ ಮಿಸ್ತ್ರಿಯ ಅರದ ಗೆರೆ ಕಂಡಿತು, ಹುಟ್ಟಿದಾಗಿನಿಂದ ಇದ್ದ ಗೆರೆ. ಮಾಸ್ತರು ನೆಲದ ಮೇಲೆ ಕುಳಿತುಬಿಟ್ಟರು. ಅವರು ಏನು ಲೆಕ್ಕ ಹಾಕುತ್ತಿದ್ದಾರೆ ಅಂತ ನನಗೆ ತಿಳಿಯಿತು. ಸಭೆ ಹೇಗೋ ಹೋಗಲಿ. ಆದರೆ ಮದುವೆಯಾದ ಮೇಲಿನ ಆ ಮೊದಲ ಭಾನುವಾರ?

ಸಾಮಾನಿನ ಚೀಲದಲ್ಲಿ ಸಣ್ಣ ಅರ ಇತ್ತು. ಅದನ್ನು ಕೈಗೆ ತೆಗೆದುಕೊಂಡರು. ತುದಿಯಲ್ಲಿ ನಾಲ್ಕು ಸಲ ಕೆರೆದು, ಮುಚ್ಚಿ ಸುಮ್ಮನಾದರೆ ಯಾರಿಗೂ ಏನೂ ತಿಳಿಯುತ್ತಿರಲಿಲ್ಲ. ಮಳೆಗೆ ಹಾಗಾಗಿತ್ತು ಅಂದರೆ ಮುಗಿಯಿತು. ನನ್ನ ಜೀವ ಬಾಯಿಗೆ ಬಂತು. ಬೇಡ ಮಾಸ್ತರೇ, ನನ್ನ ಹಾಗೆ ನೀವೂ ಬಚ್ಚಿಡಬೇಡಿ ಅಂತ ಕೂಗಬೇಕು ಅನ್ನಿಸಿತು, ಆದರೆ ಹೊಟ್ಟೆ ಬಿಚ್ಚಿದ ಪೇಟಿಗೆ ಉಸಿರೆಲ್ಲಿ? ಅರ ಹಿಡಿದ ಕೈ ಹಾಗೇ ಬಹಳ ಹೊತ್ತು ಇತ್ತು. ಆಮೇಲೆ ಅದನ್ನು ಚೀಲಕ್ಕೆ ಹಾಕಿ ನನ್ನನ್ನು ಮುಚ್ಚಿದರು. ಎರಡು ದಿನ ಯಾರ ಜೊತೆಗೂ ಸರಿಯಾಗಿ ಮಾತಾಡಲಿಲ್ಲ.

ಮೂರನೇ ದಿನ ಮಧ್ಯಾಹ್ನ ರಾಹೇಲವ್ವ ಅಂಗಳದಲ್ಲಿ ರೊಟ್ಟಿ ಬಡಿಯುತ್ತಿದ್ದರು. ಮಾಸ್ತರು ನನ್ನನ್ನು ಹೊತ್ತು ತಂದು ಅವರ ಮುಂದೆ ಇಟ್ಟರು. ಆ ಹಲ್ಲು ಒತ್ತಿದರು.

"ಇದು ಸುಳ್ಳ ಹೇಳ್ತೈತಿ ರಾಹೇಲಾ. ಹುಟ್ಟಿದಾಗಿಂದ ಸುಳ್ಳ. ಅವತ್ತ ಚರ್ಚಿನ್ಯಾಗ ನೀನ ಖರೆ ಇದ್ದಿ. ನಾ ಪೇಟಿ ಮಾತ ನಂಬಿದೆ, ನಿನ್ನ ಮಾತ ನಂಬಲಿಲ್ಲ. ತಪ್ಪಾತು."

ರಾಹೇಲವ್ವನ ಕೈ ನಿಂತಿತು. ಹಂಚಿನ ಮೇಲಿನ ರೊಟ್ಟಿ ಸುಟ್ಟು ಹೊಗೆ ಎದ್ದಿತು, ನೋಡಲಿಲ್ಲ.

"ಮೂವತ್ತೆಂಟ ವರ್ಷ ರೀ," ಅಂದರು.

ಮಾಸ್ತರು ತಲೆ ತಗ್ಗಿಸಿದರು.

"ನಮ್ಮಪ್ಪ ಸಾಯೂ ಮುಂದ ನನ್ನ ಕೈ ಹಿಡಕೊಂಡು ಒಂದ ಹಾಡ ಹೇಳವ್ವಾ ಅಂದ. ನಾ ಹೇಳಲಿಲ್ಲ. ಬೇಸೂರ ಹಾಡಿ ಸಾಯಾವನ ಕಿವಿ ಯಾಕ ನೋಯಸ್ಲಿ ಅಂತ ಸುಮ್ನ ಕುಂತೆ. ಅಂವ ಕೇಳಕೋತ ಕೇಳಕೋತ ಹೋದ ರೀ!"

ಹಿಟ್ಟಿನ ಕೈಯಲ್ಲೇ ಎದ್ದು ಒಳಗೆ ಹೋದರು. ಮತ್ತೆ ಬಂದಾಗ ಕೈಯಲ್ಲಿ ಮಂಡಳಿಗೆ ಬರೆದ ಆ ಕಾಗದವಿತ್ತು. ಒಲೆಗೆ ತುರುಕಿದರು. "ಊರಿಗೆ ಹೋಗೂದಿದ್ರ ನೀವ ಹೋಗ್ರಿ. ನಾ ಎರಡ ವರ್ಷ ಮುಗಿಸೇ ಬರಾಕಿ."

ನಾಲ್ಕು ದಿನ ಗಂಡನ ಜೊತೆ ಒಂದು ಮಾತಿಲ್ಲ. ಮಾತಿಲ್ಲ ಅಷ್ಟೇ, ಹಾಡಿತ್ತು. ಅಂಗಳ ಗುಡಿಸುವಾಗ ಹಾಡು, ಬಟ್ಟೆ ಒಗೆಯುವಾಗ ಹಾಡು, ಮಾಸ್ತರ ತಟ್ಟೆಗೆ ರೊಟ್ಟಿ ದಬ್ಬ್ ಅಂತ ಹಾಕುವಾಗಲೂ ಹಾಡು. ಬೇಕಂತಲೇ ಕಿಟಕಿಯ ಹತ್ತಿರ ನಿಂತು ಜೋರಾಗಿ ಹಾಡುತ್ತಿದ್ದರು. ಮಾಸ್ತರು ಕಟ್ಟೆಯ ಮೇಲೆ ಕುಳಿತು ಕೇಳುತ್ತಿದ್ದರು. ಕಣ್ಣು ಒರೆಸಿಕೊಳ್ಳುವುದನ್ನು ನಾನೊಬ್ಬನೇ ನೋಡಿದೆ. ಇಷ್ಟು ಚಂದದ ದನಿಯನ್ನು ಮನೆಯೊಳಗೆ ಇಟ್ಟುಕೊಂಡು ತಾವು ಜೀವಮಾನವೆಲ್ಲ ಊರವರಿಗೆ ಹಾಡು ಕಲಿಸಿದ್ದು ಅವರನ್ನು ಕೊರೆಯುತ್ತಿತ್ತು.

ಐದನೇ ದಿನ ರಾಹೇಲವ್ವ ಬಂದು ನನ್ನ ಪಕ್ಕದಲ್ಲಿ ಕುಳಿತರು. "ಇದನ್ನ ಹಿಂಗ ಬಿಡತೀರೇನು? ಬಿಚ್ಚ್ರಿ, ತಿದ್ದ್ರಿ."

ಮಾಸ್ತರು ನನ್ನನ್ನು ಬಿಚ್ಚಿದರು, ಅರ ತೆಗೆದುಕೊಂಡರು. ಮೇಲಿನ ಸಪ್ತಕದ ಗಾಂಧಾರಕ್ಕೆ ಹೋಲಿಸಿ ತಿದ್ದಿದ್ದರೆ ಆಗುತ್ತಿತ್ತು. ಮಾಸ್ತರಿಗೆ ಅದು ಚೆನ್ನಾಗಿ ಗೊತ್ತಿತ್ತು. ಆದರೂ ಕೇಳಿದರು, "ಯಾವ ಸುರಕ್ಕ ಕೂಡಸ್ಲಿ?"

"ನನ್ನ ಸುರಕ್ಕ ಕೂಡಸ್ರಿ," ಅಂದರು ರಾಹೇಲವ್ವ.

ಅವರು ಹಾಡಿದರು. ಮಾಸ್ತರು ನಾಲಿಗೆಯ ತುದಿ ಕೆರೆದು, ಕೂರಿಸಿ, ಒತ್ತಿದರು. ರಾಹೇಲವ್ವ ತಲೆ ಅಲ್ಲಾಡಿಸಿದರು, ಇನ್ನೂ ಇಲ್ಲ. ಮತ್ತೆ ಹಾಡಿದರು, ಮತ್ತೆ ಕೆರೆದರು. ಇನ್ನಾ ಚೂರು. ಇನ್ನಾ ಚೂರು. ಒಂಬತ್ತನೆಯ ಸಲವೋ ಹತ್ತನೆಯ ಸಲವೋ, ನನ್ನ ದನಿ ಅವರ ದನಿಯೊಳಗೆ ಸೇರಿ ಯಾವುದು ಯಾವುದು ಅಂತ ತಿಳಿಯದಂತಾಯಿತು. ಪೇಟಿಯನ್ನು ಕೇಳಿ ಹಾಡು ಅಂತ ಹೇಳಿಸಿಕೊಂಡ ಹೆಂಗಸಿನ ಹಾಡು ಕೇಳಿ ಪೇಟಿ ಸರಿಯಾಯಿತು. ನನ್ನ ಜನ್ಮದಲ್ಲಿ ಅಂಥ ಸುಖ ನಾನು ಕಂಡಿರಲಿಲ್ಲ. ರಾಹೇಲವ್ವ ಆಗ ಮೊದಲ ಸಲ ತಮ್ಮ ಬೆರಳಿನಿಂದ ನನ್ನ ಹಲ್ಲು ಒತ್ತಿ ನೋಡಿದರು. "ಹೂಂ, ಈಗ ಉಪ್ಪು ಸರಿ ಆತು" ಅಂದರು. ಮಾಸ್ತರಿಗೆ ನಗು ಬಂತು, ಅವರಿಗೂ ಬಂತು.

ನಾನು ಸರಿಯಾದೆ, ಮಾಸ್ತರು ಸರಿಯಾಗಲು ತಡವಾಯಿತು. ಅವರು ಮ್ಮಾ-ಬೊನೊಲೊಳ ಬಳಿ ಹೋಗಿ, ಕಲಿಸಲು ಬಂದವನು ಕಲಿಯಲು ಬಂದಿದ್ದೇನೆ ಅಂದರು. ಅವಳು ಅವರನ್ನು ಗಂಡಸರ ಕೊನೆಯ ಸಾಲಿನಲ್ಲಿ, ಒಬ್ಬ ಆಡು ಕಾಯುವ ಮುದುಕನ ಪಕ್ಕ ನಿಲ್ಲಿಸಿದಳು. ಕಿವಿಗೆ ಹಿಡಿದ ತುಕ್ಕು ಅಷ್ಟು ಸುಲಭಕ್ಕೆ ಬಿಡುತ್ತದೆಯೇ? ಗಾಂಧಾರ ಬಂದಾಗಲೆಲ್ಲ ಮಾಸ್ತರು ತಗ್ಗುತ್ತಿದ್ದರು, ಮುದುಕ ಮೊಣಕೈಯಿಂದ ತಿವಿಯುತ್ತಿದ್ದ, ಇಡೀ ಸಾಲು ನಗುತ್ತಿತ್ತು. ಸಂಜೆ ಕಟ್ಟೆಯ ಮೇಲೆ ರಾಹೇಲವ್ವ ಪಾಠ ಹೇಳಿಕೊಡುತ್ತಿದ್ದರು. "ಏರಸ್ರಿ, ಇನ್ನಾ ಏರಸ್ರಿ, ಗಂಟಲಾಗ ಏನ ಹಿಡಕೊಂಡೀರಿ?" ಮಾಸ್ತರು ವಿಧೇಯರಾಗಿ ಏರಿಸುತ್ತಿದ್ದರು. ಅಷ್ಟು ಖುಷಿಯಾಗಿ ಅವರಿಬ್ಬರನ್ನು ನಾನು ಊರಲ್ಲಿ ಯಾವತ್ತೂ ನೋಡಿರಲಿಲ್ಲ.

ಈಗ ಎರಡು ವರ್ಷ ಮುಗಿಯಲು ನಾಲ್ಕು ತಿಂಗಳು ಉಳಿದಿವೆ. ನನಗೆ ವಯಸ್ಸಾಯಿತು, ತಿದಿ ಎರಡು ಕಡೆ ಸೋರುತ್ತದೆ, ಕರಿ ಹಲ್ಲಿನ ಬಣ್ಣ ಹೋಗಿದೆ. ವಾಪಸು ಹೋಗುವಾಗ ನನ್ನನ್ನು ಇಲ್ಲಿಯ ಚರ್ಚಿಗೇ ಬಿಟ್ಟು ಹೋಗುವುದೆಂದು ಮಾತಾಗಿ, ಆಗಲೇ ನನ್ನನ್ನು ಅದರ ಮೂಲೆಯ ಬಾಗಿಲ ಪಕ್ಕ ಇಟ್ಟಿದ್ದಾರೆ. ಇಲ್ಲಿ ಯಾರಿಗೂ ನನ್ನ ಅಗತ್ಯವಿಲ್ಲ. ಮೊದಲಾಗಿದ್ದರೆ ಹೊಟ್ಟೆ ಉರಿದುಕೊಳ್ಳುತ್ತಿದ್ದೆ. ಈಗ ಹಾಗಿಲ್ಲ. ಗಾಳಿ ನುಂಗಿ ಹೊರಗೆ ಬಿಡುವುದೇ ಬಾಳು ಅಂದುಕೊಂಡಿದ್ದವನಿಗೆ ಸುಮ್ಮನೆ ಕೇಳುವುದರ ರುಚಿ ಹತ್ತಿದೆ.

ಕಳೆದ ಭಾನುವಾರ ಹೀಗೇ ಕೇಳುತ್ತ ಕುಳಿತಿದ್ದೆ. ಹಾಡುವವರು ಸಾಲಾಗಿ ನಿಲ್ಲುತ್ತಿದ್ದರು. ಅಷ್ಟರಲ್ಲಿ ಮಾಸ್ತರ ಫೋನು ಹೊಡೆದುಕೊಂಡಿತು, ಹುಬ್ಬಳ್ಳಿಯಿಂದ ಪ್ರಫುಲ್ಲಾ. ಮಾಸ್ತರು ನನ್ನ ಪಕ್ಕದ ಬಾಗಿಲಿಗೆ ಬಂದು ಮಾತಾಡಿದರು. ಅತ್ತ ಹಾಡು ಶುರುವಾಯಿತು. ರಾಹೇಲವ್ವ ಮೊದಲ ಸಾಲು ಒಬ್ಬರೇ ತೆಗೆದರು. ಈ ತಾಲೀಮಿನ ಸುದ್ದಿಯನ್ನೆಲ್ಲ ಇಬ್ಬರೂ ಮಗಳಿಗೆ ಹೇಳಿರಲೇ ಇಲ್ಲ, ಏನೋ ಸಂಕೋಚ.

"ಅಪ್ಪಾ," ಅಂದಳು ಪ್ರಫುಲ್ಲಾ. ಅವಳ ದನಿ ಫೋನಿನಿಂದ ನನಗೂ ಕೇಳುತ್ತಿತ್ತು. "ಹಿಂದ ಯಾರೋ ಹಾಡಾಕತ್ತಾರಲ್ಲ, ಭಾಳ ಚಂದ ಐತಿ. ಯಾರ ಅಕಿ?"

ಮಾಸ್ತರು ಹಾಡುವವರ ಕಡೆ ತಿರುಗಿದರು. ಗೋಡೆಗೆ ಕೈ ಕೊಟ್ಟು ನಿಂತರು.

"ನಿಮ್ಮವ್ವ," ಅಂದರು. "ನಿಮ್ಮವ್ವನ ಧ್ವನಿ ಅದು, ಪ್ರಫುಲ್ಲಾ. ನಾನ ನಿನಗ ಕೇಳಗೊಡಲಿಲ್ಲ."

ಫೋನು ಕಡಿದುಹೋಯಿತೇನೋ ಅಂತ ಮಾಸ್ತರು ಕಿವಿಯಿಂದ ತೆಗೆದು ನೋಡಿದರು.

"ಇಡಬ್ಯಾಡ್ರಿ ಅಪ್ಪಾ," ಅಂದಳು ಮಗಳು. "ಇಡಬ್ಯಾಡ್ರಿ. ಹಂಗ ಅವ್ವನ ಕಡೆ ಹಿಡ್ರಿ."

ಮಾಸ್ತರು ಕೈ ಚಾಚಿ, ಹಾಡು ಮುಗಿಯುವವರೆಗೂ ಫೋನನ್ನು ಆ ಕಡೆ ಹಿಡಿದುಕೊಂಡೇ ನಿಂತರು.